ಗಿಂಬಲ್‌ಗೆ ಒಂದೇ 64 ಜಿಬಿ ಕಾರ್ಡ್: ಹದಿನೈದು ದಿನಕ್ಕೆ ಮದುವೆ ವಿಡಿಯೋ ಕೊಡುವ ನಮ್ಮ ಲೆಕ್ಕ

ಮದುವೆಯಾದ ಹದಿನೈದನೇ ದಿನಕ್ಕೆ ಪೂರ್ತಿ ವಿಡಿಯೋ ಕೈಗೆ ಕೊಡುತ್ತೇವೆ ಎಂದು ಎರಡು ಸೀಸನ್ ಹಿಂದೆ ಕೊಟೇಶನ್‌ನಲ್ಲಿ ಬರೆದಾಗ ತುಮಕೂರಿನ ನಮ್ಮ ಲೈನಿನವರು ನಕ್ಕಿದ್ದರು. "ವೈಶಾಖ ಬರಲಿ, ಆಮೇಲೆ ಮಾತಾಡೋಣ" ಎಂದವರೇ ಹೆಚ್ಚು. ವೈಶಾಖ ಎರಡು ಸಲ ಬಂದು ಹೋಯಿತು. ಕಳೆದ ಸೀಸನ್‌ನ ಇಪ್ಪತ್ತೆಂಟೋ ಇಪ್ಪತ್ತೊಂಬತ್ತೋ ಮದುವೆಗಳಲ್ಲಿ ಗಡುವು ತಪ್ಪಿದ್ದು ಮೂರು. ಅದಕ್ಕೂ ಮುಂಚೆ ಎರಡೂವರೆ ತಿಂಗಳು ಮಾಮೂಲಾಗಿತ್ತು. ಮಗುವಿನ ನಾಮಕರಣಕ್ಕೆ ಬುಕ್ ಮಾಡಲು ಬಂದವರಿಗೆ ಅವರ ಮದುವೆಯ ಪೆನ್‌ಡ್ರೈವ್ ಕೊಟ್ಟು ಕಳಿಸಿದ್ದೂ ಉಂಟು.

ನಾವು ಮೂರು ಜನ. ಸೀಸನ್‌ನಲ್ಲಿ ದಿನಕ್ಕೆ ಮೂರೂವರೆಯಿಂದ ನಾಲ್ಕು ಸಾವಿರ ಕೊಟ್ಟು ಇನ್ನೊಬ್ಬ ಕ್ಯಾಮೆರಾಮನ್‌ನನ್ನು ಕರೆಸಿಕೊಳ್ಳುತ್ತೇವೆ. ರಿಸೆಪ್ಷನ್ ಸಂಜೆ, ಮಾರನೇ ಬೆಳಿಗ್ಗೆ ಮುಹೂರ್ತ, ಎರಡೂ ಸೇರಿ ಬರೀ ವಿಡಿಯೋಗೆ 65ರಿಂದ 75 ಸಾವಿರ. ಫೋಟೋ, ಆಲ್ಬಂ ಬೇರೆಯವರದು.

ತಡ ಎಡಿಟಿಂಗ್ ಟೇಬಲ್‌ನಲ್ಲಿ ಆಗುತ್ತದೆ ಎಂದು ನಾವೂ ನಂಬಿದ್ದೆವು. ಒಂದೂಕಾಲು ಲಕ್ಷ ಹಾಕಿ ಹೊಸ ಮೆಷಿನ್ ಕಟ್ಟಿಸಿದೆವು. ಅದರಿಂದ ಉಳಿತಾಯವಾದದ್ದು ಮದುವೆಗೆ ಒಂದು ದಿನ, ಅಷ್ಟೇ. ಆಮೇಲೆ ಕುಳಿತು ಲೆಕ್ಕ ಹಾಕಿದರೆ ನಿಜವಾದ ಎಡಿಟಿಂಗ್ ಐದಾರು ದಿನದ ಕೆಲಸ. ಉಳಿದ ಎರಡು ತಿಂಗಳನ್ನು ತಿಂದದ್ದು ಮೂರು ಸಂಗತಿ: ಬೇಡದ ಫುಟೇಜ್, ಪಾರ್ಟಿ ಕಡೆಯಿಂದ ಬರಬೇಕಾದ ಹಾಡಿನ ಪಟ್ಟಿ, ಬರದೇ ನಿಂತ ಬ್ಯಾಲೆನ್ಸ್.

ಮೊದಲು ಫುಟೇಜ್. 4ಕೆ, ಸೆಕೆಂಡಿಗೆ 25 ಫ್ರೇಮ್, 100 ಎಂಬಿಪಿಎಸ್‌ನಲ್ಲಿ (ಸೆಕೆಂಡಿಗೆ 100 ಮೆಗಾಬಿಟ್) ತೆಗೆದರೆ ಗಂಟೆಗೆ 45 ಜಿಬಿ. ಬಣ್ಣದ ವಿವರ ಹೆಚ್ಚು ಹಿಡಿಯುವ 10 ಬಿಟ್‌ನಲ್ಲಿ 140ಕ್ಕೆ ಹೋದರೆ 63. ಗಿಂಬಲ್ (ನಡೆಯುತ್ತಾ ತೆಗೆದರೂ ಕ್ಯಾಮೆರಾ ಅಲುಗದಂತೆ ಹಿಡಿಯುವ ಕೈಸ್ಟ್ಯಾಂಡ್) ಹಿಡಿದವನ ಕೈಗೆ 256 ಜಿಬಿಯ ಕಾರ್ಡ್ ಕೊಟ್ಟರೆ ಅದನ್ನು ತುಂಬಿಸಿಯೇ ತರುತ್ತಾನೆ. ತೋರಣಕ್ಕೆ ಹನ್ನೊಂದು ಶಾಟ್, ಚಪ್ಪಲಿ ರಾಶಿಗೆ ನಾಲ್ಕು. ಎರಡು ದಿನಕ್ಕೆ ಎಲ್ಲ ಕ್ಯಾಮೆರಾ ಸೇರಿ ಹದಿನೆಂಟು ಇಪ್ಪತ್ತು ಗಂಟೆ ಬರುತ್ತಿತ್ತು. ಅಷ್ಟನ್ನು ಒಮ್ಮೆ ಸುಮ್ಮನೆ ನೋಡಿ ಮುಗಿಸಲಿಕ್ಕೇ ಎಡಿಟರ್‌ಗೆ ಮೂರು ದಿನ ಬೇಕು.

ಈಗ ಗಿಂಬಲ್‌ಗೆ ಅರ್ಧ ದಿನಕ್ಕೆ 64 ಜಿಬಿ ಕಾರ್ಡ್ ಒಂದೇ. ಸುಮಾರು 80 ನಿಮಿಷ ಹಿಡಿಯುತ್ತದೆ, ಡಿಲೀಟ್ ಮಾಡುವಂತಿಲ್ಲ. ಜನ ನಕ್ಕಿದ್ದು ಮುಖ್ಯವಾಗಿ ಇದಕ್ಕೇ. ಮೊದಲ ಎರಡು ಮದುವೆಗಳಲ್ಲಿ ನಕ್ಕವರ ಮಾತೇ ನಿಜವಾಯಿತು. ಒಂದರಲ್ಲಂತೂ ಜೀರಿಗೆ ಬೆಲ್ಲ ಇಡುವ ಹೊತ್ತಿಗೆ ಸರಿಯಾಗಿ ಕಾರ್ಡ್ ತುಂಬಿತು. ಎದುರಿನ ಮೇನ್ ಕ್ಯಾಮೆರಾ ಓಡುತ್ತಿದ್ದರಿಂದ ಮಾನ ಉಳಿಯಿತು. ಈಗ ಕೆಂಪು ಟೇಪ್ ಸುತ್ತಿದ ಇನ್ನೊಂದು 64 ಬೇರೆ ಡಬ್ಬಿಯಲ್ಲಿರುತ್ತದೆ. ಅಂತರಪಟ ಹಿಡಿಯುವ ಮೊದಲು ಹಳೆಯದರಲ್ಲಿ ಜಾಗ ಎಷ್ಟೇ ಇರಲಿ, ಕೆಂಪು ಕಾರ್ಡ್ ಹಾಕಲೇಬೇಕು. ಮೂರನೇ ಮದುವೆಯಿಂದ ಹುಡುಗರ ಕೈ ತಾನಾಗಿ ತಿದ್ದಿಕೊಂಡಿತು. ಶಾಟ್ ಚೆನ್ನಾಗಿ ಬಂದರೆ ಕಟ್ ಮಾಡುವ ಮೊದಲು ಲೆನ್ಸ್ ಮುಂದೆ ಒಮ್ಮೆ ಅಂಗೈ ಅಡ್ಡ ಹಿಡಿಯಬೇಕು. ಎಡಿಟರ್ ಕ್ಲಿಪ್‌ಗಳ ಕೊನೆಯನ್ನು ಮಾತ್ರ ನೋಡುತ್ತಾ ಹೋಗಿ ಅಂಗೈ ಕಂಡದ್ದನ್ನು ಎತ್ತಿಡುತ್ತಾನೆ. ಈಗ ಒಟ್ಟು ಫುಟೇಜ್ ಒಂಬತ್ತು ಗಂಟೆ ದಾಟುವುದಿಲ್ಲ, ಅಂದರೆ 400 ಜಿಬಿ ಆಸುಪಾಸು.

ಮೇನ್ ಕ್ಯಾಮೆರಾಗೆ ಈ ಕಟ್ಟುನಿಟ್ಟಿಲ್ಲ. ವರಪೂಜೆ, ಕಾಶಿಯಾತ್ರೆ, ಜೀರಿಗೆ ಬೆಲ್ಲ, ಧಾರೆ, ಮಾಂಗಲ್ಯಧಾರಣೆ, ಸಪ್ತಪದಿ, ಅರುಂಧತಿ ದರ್ಶನ, ಇವುಗಳಲ್ಲಿ ತಡೆಯಿಲ್ಲದೆ ಓಡಬೇಕು. ನಿಮ್ಮದು 29 ನಿಮಿಷ 59 ಸೆಕೆಂಡಿಗೆ ತಾನೇ ನಿಲ್ಲುವ ಹಳೆಯ ಕ್ಯಾಮೆರಾ ಬಾಡಿಯಾದರೆ ಪುರೋಹಿತರು ತಾಳಿಯ ತಟ್ಟೆ ಎತ್ತಿಕೊಳ್ಳುವಾಗಲೇ ನಿಲ್ಲಿಸಿ ಮತ್ತೆ ಶುರು ಮಾಡಿ. ತಟ್ಟೆ ಹಿರಿಯರ ಕೈ ಮುಟ್ಟಿ ಬರಲು ಎರಡು ಮೂರು ನಿಮಿಷವಾದರೂ ಆಗುತ್ತದೆ, ಅಷ್ಟು ಸಾಕು. ಹೋಮದ ಹೊಗೆ ಎದ್ದ ತಕ್ಷಣ ಆಟೋಫೋಕಸ್ ತಡಕಾಡುತ್ತದೆ, ಮ್ಯಾನ್ಯುಯಲ್‌ಗೆ ಹಾಕಿ ಬಿಟ್ಟುಬಿಡಿ. ಆಟೋ ವೈಟ್ ಬ್ಯಾಲೆನ್ಸ್ ಅಂತೂ ಬೇಡವೇ ಬೇಡ. ಗುಲಾಬಿ ರೇಷ್ಮೆ ಸೀರೆ ಫ್ರೇಮ್ ತುಂಬ ಬಂದಾಗ ಪಕ್ಕದಲ್ಲಿರುವವರ ಮುಖ ಹಸಿರಾಗುತ್ತದೆ. ಆಮೇಲೆ ಒಂದೊಂದೇ ಕ್ಲಿಪ್ ತಿದ್ದುತ್ತಾ ಅರ್ಧ ದಿನ ಹೋಗುತ್ತದೆ.

ಫ್ಲಿಕರ್, ಅಂದರೆ ವಿಡಿಯೋದಲ್ಲಿ ಬೆಳಕು ಮಿಣುಕುವುದರ ಬಗ್ಗೆ ಎರಡು ಮಾತು. ನಮ್ಮ ಕರೆಂಟ್ 50 ಹರ್ಟ್ಸ್. 25 ಫ್ರೇಮ್‌ಗೆ ಶಟರ್ 1/50, ಸ್ಲೋಮೋಷನ್ ಬೇಕಾದರೆ 50 ಫ್ರೇಮ್‌ಗೆ 1/100. ಯೂಟ್ಯೂಬ್ ನೋಡಿ 120 ಫ್ರೇಮ್‌ನಲ್ಲಿ ತೆಗೆದ ಫ್ರೀಲ್ಯಾನ್ಸರ್ ಒಬ್ಬ ಒಂದಿಡೀ ಆರತಿಯನ್ನು ಮಿಣಮಿಣ ಮಾಡಿ ತಂದಿದ್ದ. ಡೆಕೊರೇಷನ್‌ನವರ ಅಗ್ಗದ ಎಲ್‌ಇಡಿ ಪಾರ್ ಲೈಟ್‌ಗೆ ಈ ಲೆಕ್ಕ ಹಿಡಿಯುವುದಿಲ್ಲ. ಡಿಮ್ ಮಾಡಿದಾಗ ಅದು ತನ್ನದೇ ವೇಗದಲ್ಲಿ ಆರಿ ಹತ್ತುತ್ತಿರುತ್ತದೆ. ಲೈಟ್ ಹುಡುಗನಿಗೆ ಇನ್ನೂರು ರೂಪಾಯಿ ಕೊಟ್ಟು "ಡಿಮ್ ಮಾಡಬೇಡಪ್ಪ, ಪೂರ್ತಿ ಬಿಡು, ಬೇಕಾದ್ರೆ ದೂರ ಇಡು" ಎನ್ನುವುದೇ ನಮ್ಮ ಪರಿಹಾರ.

ಇನ್ನು ಸೌಂಡ್. ನಮ್ಮ ವಿಡಿಯೋ ನೋಡಿದವರು ಮೊದಲು ಕೇಳುವುದು ಇದನ್ನೇ, ಹಾಗಾಗಿ ಸ್ವಲ್ಪ ಉದ್ದವಾದರೂ ಹೇಳುತ್ತೇನೆ.

ವರನಿಗೆ ಲೇಪಲ್ ಮೈಕ್ (ಬಟ್ಟೆಗೆ ಸಿಕ್ಕಿಸುವ ಪುಟ್ಟ ಮೈಕ್) ಹಾಕುವುದು ದಂಡ. ಮೈಮೇಲೆ ಶಲ್ಯ ಒಂದೇ ಇರುತ್ತದೆ, ರೇಷ್ಮೆಯ ಸರಸರ ಬಿಟ್ಟು ಬೇರೇನೂ ಕೇಳುವುದಿಲ್ಲ. ಮೈಕ್ ಪುರೋಹಿತರಿಗೆ ಹಾಕಬೇಕು. ವಧೂವರರಿಗೆ ಎಲ್ಲರಿಗಿಂತ ಹತ್ತಿರ ಕೂರುವವರು ಅವರೇ, ಮಂತ್ರವೂ ಬರುತ್ತದೆ, ಇವರಿಬ್ಬರ ಪಿಸುಮಾತೂ ಬರುತ್ತದೆ. ರೆಕಾರ್ಡರ್ ಅವರ ಸೊಂಟಕ್ಕೆ. ಮೊಬೈಲ್ ಸೈಲೆಂಟ್ ಮಾಡಿ ಎಂದು ವಿನಯವಾಗಿ ಕೇಳಿಕೊಳ್ಳಿ. ಮುಂದಿನ ಮದುವೆಯವರು ಫೋನ್ ಮಾಡುವುದು ಸರಿಯಾಗಿ ಕನ್ಯಾದಾನದ ಸಂಕಲ್ಪದಲ್ಲೇ.

ಛತ್ರದ ಮಿಕ್ಸರ್‌ನಿಂದ ರೆಕ್ ಔಟ್ (ರೆಕಾರ್ಡಿಂಗ್‌ಗೆ ಕೊಡುವ ಔಟ್‌ಪುಟ್) ತೆಗೆದುಕೊಳ್ಳುವವರು ರೆಕಾರ್ಡರ್ ಜೋರು ಸಿಗ್ನಲ್ ತಾಳುವ ಲೈನ್ ಲೆವೆಲ್‌ನಲ್ಲಿದೆಯೇ ಎಂದು ನೋಡಿಕೊಳ್ಳಿ. ಮೈಕ್ ಲೆವೆಲ್‌ನಲ್ಲಿದ್ದರೆ ಎಲ್ಲವೂ ಒಡೆದು ಬರುತ್ತದೆ, ಅದನ್ನು ಯಾವ ಸಾಫ್ಟ್‌ವೇರೂ ಸರಿ ಮಾಡದು. ಮಾತಿಗೆ ಅಂತ ಲೆವೆಲ್ ಇಟ್ಟರೆ ಗಟ್ಟಿಮೇಳದಲ್ಲಿ ಡೋಲು ಸೀಳುತ್ತದೆ, ಡೋಲಿಗೆ ಅಂತ ಇಟ್ಟರೆ ಮಂತ್ರ ಕೇಳಿಸದು. ಎರಡು ವರ್ಷ ಒಬ್ಬ ಹುಡುಗ ನಾಬ್ ತಿರುಗಿಸುತ್ತಾ ಕೂತಿದ್ದ. ಪಿಸುಮಾತನ್ನೂ ಜೋರು ಸದ್ದನ್ನೂ ಒಡೆಯದೆ ಹಿಡಿಯುವ 32 ಬಿಟ್ ಫ್ಲೋಟ್ ರೆಕಾರ್ಡರ್ ಬಂದ ಮೇಲೆ ಆ ಕೆಲಸ ತಪ್ಪಿತು. ಹಾಗೆಂದು ಮೈಕನ್ನು ಓಲಗದವರ ಮೂತಿಗೆ ಇಟ್ಟರೆ ರೆಕಾರ್ಡರ್ ತಾಳಿಕೊಂಡರೂ ಮೈಕ್ ತಾಳುವುದಿಲ್ಲ. ಹತ್ತು ಹನ್ನೆರಡು ಅಡಿ ದೂರ ಬೇಕು. ಗಟ್ಟಿಮೇಳಕ್ಕೆ ಎರಡು ಮೈಕ್ ಬೆರೆಸುವ ನಮ್ಮದೊಂದು ಪಾಕವಿದೆ. ಅದು ಹೊಟ್ಟೆಪಾಡಿನ ವಿಷಯ, ಇಲ್ಲಿ ಬೇಡ.

ಸಿಂಕ್‌ನಲ್ಲಿ (ಚಿತ್ರಕ್ಕೆ ಸದ್ದು ಜೋಡಿಸುವಲ್ಲಿ) ಬಹಳ ಜನ ಎಡವುವ ಜಾಗ ಇದು. ಛತ್ರದ ಹಿಂಬದಿ ಸ್ಟ್ಯಾಂಡ್ ಹಾಕಿದ ಕ್ಯಾಮೆರಾ ಮಂಟಪದಿಂದ 30 ಮೀಟರ್ ದೂರದಲ್ಲಿದೆ ಎನ್ನಿ. ಶಬ್ದ ಅಲ್ಲಿಗೆ ತಲುಪಲು ಸೆಕೆಂಡಿನ ಹನ್ನೊಂದನೇ ಒಂದು ಭಾಗ ಬೇಕು. 25 ಫ್ರೇಮ್‌ನಲ್ಲಿ ಅದು ಎರಡು ಫ್ರೇಮ್. ಸಾಫ್ಟ್‌ವೇರ್ ವೇವ್‌ಫಾರ್ಮ್ (ಸದ್ದಿನ ಏರಿಳಿತದ ಗೆರೆ) ನೋಡಿ ಮಂಟಪದ ರೆಕಾರ್ಡರ್ ಸದ್ದಿಗೆ ಅಚ್ಚುಕಟ್ಟಾಗಿ ಜೋಡಿಸಿದರೂ ತುಟಿಯ ಚಲನೆ ಎರಡು ಫ್ರೇಮ್ ಮುಂದಿರುತ್ತದೆ. ಆ ಕ್ಯಾಮೆರಾದ ಕ್ಲಿಪ್‌ಗಳನ್ನು ಒಟ್ಟಿಗೆ ಎರಡು ಫ್ರೇಮ್ ತಡವಾಗುವಂತೆ ಸರಿಸಿ. ರೆಕಾರ್ಡರ್ ಗಡಿಯಾರವೂ ಕ್ಯಾಮೆರಾ ಗಡಿಯಾರವೂ ಗಂಟೆಗೆ ಒಂದು ಫ್ರೇಮ್‌ನಷ್ಟು ಆಚೀಚೆ ಹೋಗುತ್ತವೆ. ಹಾಗಾಗಿ ಮೂರು ಗಂಟೆಯ ಫೈಲನ್ನು ಶುರುವಿನಲ್ಲಿ ಒಮ್ಮೆ ಜೋಡಿಸಿ ನಂಬಬೇಡಿ, ಪ್ರತಿ ಶಾಸ್ತ್ರಕ್ಕೂ ಹೊಸದಾಗಿ ಕೂರಿಸಿ.

ಹಾಡಿನ ಪಟ್ಟಿಯ ತಲೆನೋವು ಹೋದದ್ದೂ ಸೌಂಡ್ ಸರಿಯಾದ ಮೇಲೆಯೇ. "ಯಾವ ಹಾಡು ಹಾಕೋದು ಹೇಳಿ" ಎಂದು ಕೇಳಿದರೆ ಹೊಸ ಜೋಡಿ ಮೂರು ವಾರ ಯೋಚಿಸುತ್ತದೆ. ಕೊನೆಗೆ ಕಳಿಸುವ ಸಿನಿಮಾ ಹಾಡಿಗೆ ಯೂಟ್ಯೂಬ್‌ನಲ್ಲಿ ಕಾಪಿರೈಟ್ ಕ್ಲೇಮ್ ಬರುತ್ತದೆ. ಕೆಲವು ವಿಡಿಯೋ ಬ್ಲಾಕೇ ಆಗುತ್ತವೆ, ಅಮೆರಿಕದಲ್ಲಿರುವ ಅಣ್ಣ ಫೋನ್ ಮಾಡಿ ಬೈಯುತ್ತಾನೆ. ಮದುವೆಯಲ್ಲಿ ಹಾಡು ನುಡಿಸಲು 1957ರ ಕಾಪಿರೈಟ್ ಕಾಯ್ದೆಯಲ್ಲಿ ವಿನಾಯಿತಿ ಇದೆ, ನಿಜ. ಅದು ಅಲ್ಲಿ ನುಡಿಸುವುದಕ್ಕೆ ಮಾತ್ರ. ಅದೇ ಹಾಡನ್ನು ನಮ್ಮ ವಿಡಿಯೋಗೆ ಅಂಟಿಸುವುದು ಬೇರೆ ಬಾಬತ್ತು. ನಾವು ಹೈಲೈಟ್‌ನಿಂದ (ಮುಖ್ಯ ಕ್ಷಣಗಳ ಚಿಕ್ಕ ವಿಡಿಯೋ) ಸಿನಿಮಾ ಹಾಡನ್ನೇ ತೆಗೆದೆವು. ಅದೇ ಮದುವೆಯ ಓಲಗ, ಮಂತ್ರ, ಅಡುಗೆಮನೆಯ ಸದ್ದು, ಮನೆಯ ಅಜ್ಜಿಯ ಸೋಬಾನೆ ಪದ. ಸಾಲದ ಕಡೆ ಚಂದಾ ಕಟ್ಟಿದ ಲೈಬ್ರರಿ ಮ್ಯೂಸಿಕ್. ಅಜ್ಜಿಯ ಹಾಡನ್ನು ಹಿಂದಿನ ದಿನ ಮಧ್ಯಾಹ್ನ, ಫ್ಯಾನ್ ಆಫ್ ಮಾಡಿಸಿ, ಹಾಸಿಗೆ ರಾಶಿ ಹಾಕಿದ ರೂಮಿನಲ್ಲಿ ಕೂರಿಸಿ ರೆಕಾರ್ಡ್ ಮಾಡಿಕೊಳ್ಳುತ್ತೇವೆ. ಹಾಸಿಗೆಗಿಂತ ಒಳ್ಳೆಯ ಸ್ಟುಡಿಯೋ ಛತ್ರದಲ್ಲಿ ಸಿಗದು. ಮೊದಮೊದಲು ನಾಲ್ಕೈದು ಪಾರ್ಟಿಯವರು ಹಾಡಿಲ್ಲವೇ ಎಂದು ಮುಖ ಸಿಂಡರಿಸಿದರು, ಇಬ್ಬರಿಗೆ ಹಣ ಕಡಿಮೆ ಮಾಡಬೇಕಾಯಿತು. ಈಗ ಬುಕಿಂಗ್‌ಗೆ ಬರುವವರೇ "ಆ ಅಜ್ಜಿ ಹಾಡು ಹಾಕಿದ್ರಲ್ಲ, ಹಂಗೆ ಬೇಕು" ಅನ್ನುತ್ತಾರೆ.

ಎಡಿಟಿಂಗ್ ಕ್ರಮ ಹೊಸದೇನಲ್ಲ. ಮಧ್ಯಾಹ್ನ ಮೊದಲ ಪಂಕ್ತಿ ಕೂತಾಗ ಲ್ಯಾಪ್‌ಟಾಪ್ ತೆರೆದು ಎರಡು ಡ್ರೈವ್‌ಗೆ ಕಾಪಿ ಶುರು. ಮಾಮೂಲಿ ಹಾರ್ಡ್‌ಡಿಸ್ಕ್‌ಗೆ 400 ಜಿಬಿ ಇಳಿಯಲು ಒಂದು ಗಂಟೆಯ ಮೇಲಾಗುತ್ತದೆ. ಹಿಂದಿನ ಸಂಜೆಯದು ಆಗಲೇ ಇಳಿದಿರುವುದರಿಂದ ಕೊನೆಯ ಪಂಕ್ತಿ ಏಳುವುದರೊಳಗೆ ಮುಗಿದಿರುತ್ತದೆ. ಎರಡೂ ಕಾಪಿ ಚೆಕ್‌ಸಮ್‌ನಲ್ಲಿ (ಕಾಪಿ ಮೂಲದಂತೆಯೇ ಇದೆಯೇ ಎಂದು ನೋಡುವ ಲೆಕ್ಕ) ತಾಳೆಯಾಗುವವರೆಗೆ ಕಾರ್ಡ್ ಫಾರ್ಮ್ಯಾಟ್ ಇಲ್ಲ, ಎರಡು ಡ್ರೈವೂ ಒಂದೇ ಕಾರಿನಲ್ಲಿ ಹೋಗುವಂತಿಲ್ಲ. ಆ ರಾತ್ರಿ ಎಡಿಟಿಂಗ್ ಸಾಫ್ಟ್‌ವೇರ್ ರಿಸಾಲ್ವ್‌ನಲ್ಲಿ ಪ್ರಾಕ್ಸಿ (ಎಡಿಟಿಂಗ್‌ಗೆಂದು ಮಾಡುವ ಹಗುರ ಕಾಪಿ) ಓಡಲು ಬಿಟ್ಟು ಮಲಗುವುದು. ಡಿಎನ್‌ಎಕ್ಸ್‌ಎಚ್‌ಆರ್ ಎಲ್‌ಬಿ ಎಂಬ ಫಾರ್ಮ್ಯಾಟ್‌ನಲ್ಲಿ 1080ರ ಪ್ರಾಕ್ಸಿ ಗಂಟೆಗೆ 16 ಜಿಬಿ. ಮೂರನೇ ದಿನ ಒಂದು ನಿಮಿಷದ ಟೀಸರ್, ಮೊಬೈಲ್ ನೆಟ್ಟಗೆ ಹಿಡಿದು ನೋಡುವಂತೆ ಉದ್ದಕ್ಕೆ. ನೆಂಟರ ಸ್ಟೇಟಸ್‌ನಲ್ಲಿ ಅದು ಓಡುವಷ್ಟು ದಿನ ನಮಗೆ ಫೋನ್ ಬರುವುದಿಲ್ಲ. ಎಂಟನೇ ದಿನ ಹೈಲೈಟ್, ಹನ್ನೆರಡಕ್ಕೆ ಪೂರ್ತಿ ವಿಡಿಯೋ, ಉಳಿದ ಮೂರು ದಿನ ತಿದ್ದುಪಡಿಗೆ.

ತಿದ್ದುಪಡಿ ಒಂದೇ ಸುತ್ತು. ನಿಮಿಷ, ಸೆಕೆಂಡ್ ಹಾಕಿದ ಒಂದೇ ಪಟ್ಟಿ, ಒಬ್ಬರೇ ಕಳಿಸಬೇಕು. ಇಲ್ಲದಿದ್ದರೆ ಹುಡುಗಿ ಕಡೆಯವರು ತೆಗೆಸಿದ್ದನ್ನು ಹುಡುಗನ ಕಡೆಯವರು ಹಾಕಿಸುತ್ತಾರೆ. "ನಮ್ಮ ದೊಡ್ಡತ್ತೆ ಕಾಣಿಸ್ಲೇ ಇಲ್ಲ" ಎನ್ನುವ ದೂರಿಗೆ ಮದ್ದು, ರಿಸೆಪ್ಷನ್ ವೇದಿಕೆಗೆ ಎದುರಾಗಿ ಕದಲದೆ ನಿಲ್ಲುವ ಒಂದು ಹಳೆಯ ಕ್ಯಾಮೆರಾ. 1080, 25 ಎಂಬಿಪಿಎಸ್, ಮೂರೂವರೆ ಗಂಟೆಗೆ 40 ಜಿಬಿ. ಇದು ನಮ್ಮ ಒಂಬತ್ತು ಗಂಟೆಯ ಲೆಕ್ಕಕ್ಕೆ ಸೇರುವುದಿಲ್ಲ, ಕತ್ತರಿಸದೆ ಬೇರೆ ಫೈಲಾಗಿ ಕೊಡುತ್ತೇವೆ. ಮುಯ್ಯಿ ಕೊಟ್ಟವರೆಲ್ಲ ಅದರಲ್ಲಿ ಇರುತ್ತಾರೆ.

ಪೆನ್‌ಡ್ರೈವ್ ಬಗ್ಗೆ ಕಲಿತದ್ದು ದುಬಾರಿ ಪಾಠ. 10 ಬಿಟ್ ಎಚ್.265 ಎಂಬ ಹೊಸ ಫಾರ್ಮ್ಯಾಟ್‌ನಲ್ಲಿ ಹಾಕಿ ಕೊಟ್ಟರೆ ಹಳ್ಳಿಮನೆಯ ಹಳೆಯ ಟಿವಿಯಲ್ಲಿ ಸದ್ದು ಮಾತ್ರ ಬರುತ್ತದೆ. ಹೀಗೆ ವಾಪಸ್ ಬಂದವು ಹನ್ನೆರಡಾದರೂ ಇರಬೇಕು. ಈಗ 8 ಬಿಟ್ ಎಚ್.264, 1080, 10 ಎಂಬಿಪಿಎಸ್. ಡ್ರೈವ್‌ನ ಫಾರ್ಮ್ಯಾಟ್ ಎಫ್‌ಎಟಿ32, ಅದರಲ್ಲಿ 4 ಜಿಬಿ ಮೀರಿದ ಫೈಲ್ ಕೂರದು, ಆದ್ದರಿಂದ ನಲವತ್ತೈದು ನಿಮಿಷದ ಭಾಗಗಳು. ಒಂದೊಂದು 3.4 ಜಿಬಿ ಆಗುತ್ತದೆ. 4ಕೆ ಬೇಕೆಂದವರಿಗೆ ಲಿಂಕ್.

ಇನ್ನು ದುಡ್ಡು. ಅರ್ಧ ಅಡ್ವಾನ್ಸ್, ಅರ್ಧ ಡೆಲಿವರಿಗೆ ಎನ್ನುವ ಹಳೆಯ ಪದ್ಧತಿಯಲ್ಲಿ ಒಮ್ಮೆ ಒಂಬತ್ತು ಪಾರ್ಟಿಗಳಿಂದ ಎರಡೂಮುಕ್ಕಾಲು ಲಕ್ಷದಷ್ಟು ನಿಂತಿತ್ತು. ದುಡ್ಡು ಬಂದಿಲ್ಲವೆಂದು ನಾವು ವಿಡಿಯೋ ಮುಟ್ಟುತ್ತಿರಲಿಲ್ಲ, ವಿಡಿಯೋ ಬಂದಿಲ್ಲವೆಂದು ಅವರು ದುಡ್ಡು ಮುಟ್ಟುತ್ತಿರಲಿಲ್ಲ. ಈಗ ಬುಕಿಂಗ್‌ಗೆ 40, ಮದುವೆಗೆ ಒಂದು ವಾರ ಮೊದಲು 50, ಕೊನೆಗೆ 10 ಪರ್ಸೆಂಟ್. ಒಂದು ವಾರ ಮೊದಲು ಅನ್ನುವುದಕ್ಕೆ ಕಾರಣ ಇದೆ. ಛತ್ರ, ಅಡುಗೆಯವರು, ಶಾಮಿಯಾನ, ಎಲ್ಲರಿಗೂ ಹಣ ಎತ್ತಿಡುವ ವಾರ ಅದು. ಕೈಚೀಲ ಹಿಡಿದಿರುವ ಸೋದರಮಾವನ ಚೀಟಿಯಲ್ಲಿ ನಮ್ಮ ಹೆಸರೂ ಇದ್ದರೆ ಚೌಕಾಸಿಯಿಲ್ಲದೆ ಬರುತ್ತದೆ. ಮದುವೆಯ ಮಾರನೇ ದಿನದಿಂದ ಅದೇ ಹಣ ಸಾಲದ ಲೆಕ್ಕಕ್ಕೆ ಸೇರಿಬಿಡುತ್ತದೆ. ಮುಖ್ಯ ಮೊತ್ತ ಮೊದಲೇ ಕೈಸೇರಿರುವುದರಿಂದ ಫ್ರೀಲ್ಯಾನ್ಸರ್‌ಗೆ ಅದೇ ದಿನ ಕೊಡುತ್ತೇವೆ. ವೈಶಾಖದಲ್ಲಿ ಒಳ್ಳೆಯ ಕೈ ನಮಗೇ ಸಿಗುವುದು ಅದರಿಂದ. ತೊಂಬತ್ತು ಕೊಟ್ಟವರು ಹತ್ತಕ್ಕೆ ಜಗಳ ಮಾಡುವುದಿಲ್ಲ. ಇಬ್ಬರು ಮೂವರು ಕೊಟ್ಟೇ ಇಲ್ಲ, ಬಿಟ್ಟೆವು.

ಆಷಾಢ, ಪಿತೃಪಕ್ಷ, ಧನುರ್ಮಾಸದಲ್ಲಿ ಫ್ಯಾಕ್ಟರಿ, ಕಾಲೇಜು ವಿಡಿಯೋಗಳು. ಅಲ್ಲಿ ಹಣ ತಡೆಯುವ ರೀತಿಯೇ ಬೇರೆ, "ಅಕೌಂಟ್ಸ್‌ನಲ್ಲಿದೆ ಸರ್". ಉದ್ಯಮ್ ನೋಂದಣಿ (ಸಣ್ಣ ಉದ್ಯಮಗಳಿಗೆ ಸರ್ಕಾರದ ನೋಂದಣಿ) ಮಾಡಿಸಿ ಆ ಸಂಖ್ಯೆಯನ್ನು ಬಿಲ್ಲಿನ ತಲೆಯಲ್ಲೇ ಹಾಕಿ. ಸಣ್ಣ ಉದ್ಯಮದ ಬಿಲ್ಲನ್ನು ಬರಹದ ಒಪ್ಪಂದ ಇದ್ದರೂ 45 ದಿನದೊಳಗೆ, ಇಲ್ಲದಿದ್ದರೆ 15 ದಿನದೊಳಗೆ ಕೊಡಬೇಕು ಎಂಬುದು ಸಣ್ಣ ಉದ್ಯಮಗಳ 2006ರ ಎಂಎಸ್‌ಎಂಇಡಿ ಕಾಯ್ದೆ. ಗಡುವು ಮೀರಿದರೆ ಹಣ ಕೊಡುವ ವರ್ಷದವರೆಗೆ ಅವರು ಆ ಖರ್ಚನ್ನು ಆದಾಯ ತೆರಿಗೆಯಲ್ಲಿ ತೋರಿಸುವಂತಿಲ್ಲ ಎಂಬ ನಿಯಮ ಬಂದ ಮೇಲೆ ಮಾರ್ಚ್ ಕೊನೆಯಲ್ಲಿ ಅವರ ಆಡಿಟರೇ ಫೋನ್ ಮಾಡುತ್ತಾರೆ.

ತಪ್ಪಿದ ಮೂರು ಗಡುವುಗಳ ವಿಷಯ: ಎರಡು ನಮ್ಮದೇ ತಪ್ಪು, ಒಂದೇ ವಾರದಲ್ಲಿ ನಾಲ್ಕು ಮುಹೂರ್ತ ಒಪ್ಪಿಕೊಂಡಿದ್ದೆವು. ಈಗ ವಾರಕ್ಕೆ ಮೂರೇ. ಇನ್ನೊಂದರಲ್ಲಿ ಪಾರ್ಟಿಯವರು ತಿದ್ದುಪಡಿ ಪಟ್ಟಿಯನ್ನು ಕೈಬರಹದಲ್ಲಿ, ಹನ್ನೊಂದು ಪುಟ, ಕೊರಿಯರ್‌ನಲ್ಲಿ ಕಳಿಸಿದ್ದರು.

ಸದ್ಯ ಕೈಹಿಡಿಯದೆ ಇರುವುದು ವೇದಿಕೆ ಹಿಂದಿನ ಎಲ್‌ಇಡಿ ವಾಲ್. ಅದರ ಚುಕ್ಕಿಗಳು ಕ್ಯಾಮೆರಾದಲ್ಲಿ ಅಲೆಅಲೆಯಾಗಿ ಕಾಣುತ್ತವೆ. ದಂಪತಿಯನ್ನು ಹತ್ತು ಅಡಿ ಮುಂದೆ ನಿಲ್ಲಿಸಿ, ಅಪರ್ಚರ್ ತೆರೆದು ಹಿನ್ನೆಲೆ ಮಸುಕು ಮಾಡಿದರೆ ಹೋಗುತ್ತದೆ. ಆದರೆ ಆಶೀರ್ವಾದದ ಸಾಲು ಶುರುವಾದ ಐದನೇ ನಿಮಿಷಕ್ಕೆ ನೆಂಟರು ಅವರನ್ನು ಮತ್ತೆ ಗೋಡೆಗೆ ಒತ್ತಿರುತ್ತಾರೆ. ಬರುವ ಕಾರ್ತಿಕದಲ್ಲಿ ಅವರ ಬೆನ್ನ ಹಿಂದೆ ಸಾಲಾಗಿ ಬಾಳೆಕಂಬ ನೆಡಿಸಿ ನೋಡಬೇಕೆಂದಿದ್ದೇವೆ. ಡೆಕೊರೇಷನ್‌ನವನು ಅದಕ್ಕೆ ಎರಡು ಸಾವಿರ ಕೇಳುತ್ತಿದ್ದಾನೆ.