ಬಿಗಿ ರೆಪ್ಪೆಯ ಕಣ್ಣಿಗೆ ಕಾಂಟ್ಯಾಕ್ಟ್ ಲೆನ್ಸ್: ನಾನು ಕಲಿತ ರೀತಿ

"ನಿಮ್ಮ ರೆಪ್ಪೆ ತುಂಬಾ ಬಿಗಿ. ಲೆನ್ಸ್ ನಿಮಗೆ ಆಗಿಬರಲ್ಲ, ಕನ್ನಡಕವೇ ಇರಲಿ ಬಿಡಿ." ಹೀಗೆ ಹೇಳಿದವರು ಒಬ್ಬಿಬ್ಬರಲ್ಲ. ದಿನವೂ ಲೆನ್ಸ್ ಫಿಟ್ ಮಾಡುವವರೇ ಇಬ್ಬರು ಕೈಚೆಲ್ಲಿದ್ದರು. ಮನೆಯವರಂತೂ ಸುಮ್ನೆ ದುಡ್ಡು ದಂಡ ಅಂದಿದ್ದರು. ಈಗ ಏಳೆಂಟು ವರ್ಷವಾಯಿತು, ಲೆನ್ಸ್ ಹಾಕುತ್ತಲೇ ಇದ್ದೇನೆ. ಎರಡೂ ಕಣ್ಣಿಗೆ ಹಾಕಲು ಒಂದು ನಿಮಿಷವೂ ಬೇಡ. ನನ್ನ ಹಾಗೇ "ಆಗಲ್ಲ" ಅನ್ನಿಸಿಕೊಂಡ ಐದಾರು ಜನರಿಗೂ ಕಲಿಸಿದ್ದೇನೆ, ಎಲ್ಲರೂ ಈಗ ಆರಾಮಾಗಿ ಹಾಕುತ್ತಾರೆ.

ಬೇಸ್ ಕರ್ವ್ (ಲೆನ್ಸಿನ ಒಳಬದಿಯ ಬಾಗು), ಕೇಸ್ (ಲೆನ್ಸ್ ಇಡುವ ಡಬ್ಬಿ), ಸೊಲ್ಯೂಷನ್ (ಲೆನ್ಸ್ ತೊಳೆದು ನೆನೆಸಿಡುವ ದ್ರಾವಣ) ಇವುಗಳ ವಿವರಕ್ಕೆ ಇಲ್ಲಿ ಹೋಗುವುದಿಲ್ಲ. ಒಂದು ಮಾತು ಮಾತ್ರ ಮೊದಲೇ ಹೇಳಿಬಿಡುತ್ತೇನೆ. ನನ್ನ ಬಲಗಣ್ಣಿಗೆ ಕನ್ನಡಕದ ಪವರ್ -6.00, ಲೆನ್ಸಿನದು -5.50. ಪವರ್ ತಪ್ಪು ಕೊಟ್ಟಿದ್ದಾರೆ ಅಂತ ಹೊಸಬರು ಗಾಬರಿ ಬೀಳುತ್ತಾರೆ. ಕನ್ನಡಕ ಕಣ್ಣಿನಿಂದ ಸುಮಾರು 12 ಮಿಲಿಮೀಟರ್ ದೂರ ಕೂರುತ್ತದೆ, ಲೆನ್ಸ್ ಕಣ್ಣಿನ ಮೇಲೇ ಕೂರುತ್ತದೆ. 4.00 ದಾಟಿದ ಮೇಲೆ ಈ ವ್ಯತ್ಯಾಸ ಲೆಕ್ಕಕ್ಕೆ ಬರುತ್ತದೆ, ಅಷ್ಟೇ.

ಎಲ್ಲರೂ ಹೇಳಿಕೊಡುವ ದಾರಿ ನಿಮಗೆ ಗೊತ್ತು. ಗೋಡೆಯ ಕನ್ನಡಿ ಮುಂದೆ ನಿಂತು, ನೇರ ನೋಡುತ್ತಾ, ಲೆನ್ಸನ್ನು ಕರಿಗುಡ್ಡೆಯ ಮೇಲೇ ಇಡುವುದು. ನನಗೆ ಅದು ವಾರಗಟ್ಟಲೆ ಕೈಕೊಟ್ಟಿತು. ಬೆರಳು ಹತ್ತಿರ ಬಂದ ಕೂಡಲೇ ರೆಪ್ಪೆ ಮುಚ್ಚುತ್ತಿತ್ತು. ಲೆನ್ಸ್ ರೆಪ್ಪೆಗೂದಲಿಗೆ ಅಂಟಿ ಮಡಚಿಕೊಳ್ಳುತ್ತಿತ್ತು, ಇಲ್ಲವೇ ಸಿಂಕಿಗೆ ಬೀಳುತ್ತಿತ್ತು. ಧೈರ್ಯ ತಂದುಕೊ ಅನ್ನುವವರೇ ಎಲ್ಲ. ಆದರೆ ಇದು ಧೈರ್ಯದ ವಿಷಯವೇ ಅಲ್ಲ. ರೆಪ್ಪೆಗೂದಲಿಗೆ ಏನಾದರೂ ತಾಗಿದರೆ ಕಣ್ಣು ತಾನಾಗಿ ಮುಚ್ಚುತ್ತದೆ. ಗಟ್ಟಿಯಾಗಿ ಮುಚ್ಚಿದಾಗ ಕಣ್ಣುಗುಡ್ಡೆ ಮೇಲಕ್ಕೆ ಹೊರಳುತ್ತದೆ. ಅಂದರೆ ನಾವು ಗುರಿಯಿಟ್ಟ ಕರಿಗುಡ್ಡೆ, ಲೆನ್ಸ್ ತಲುಪುವ ಹೊತ್ತಿಗೆ ಅಲ್ಲಿ ಇರುವುದೇ ಇಲ್ಲ! ಮೇಲಾಗಿ ಕಾರ್ನಿಯಾ, ಅಂದರೆ ಕರಿಗುಡ್ಡೆಯ ಮೇಲಿನ ಪಾರದರ್ಶಕ ಪದರದಷ್ಟು ಸೂಕ್ಷ್ಮವಾದ ಜಾಗ ಮೈಯಲ್ಲಿ ಇನ್ನೊಂದಿಲ್ಲ ಅನ್ನಬಹುದು. ಪಕ್ಕದ ಬಿಳಿಭಾಗ ಅಷ್ಟು ಸೂಕ್ಷ್ಮವಲ್ಲ.

ಇದು ತಲೆಗೆ ಹೊಳೆದ ಮೇಲೆ ನಾನು ಗುರಿಯನ್ನೇ ಬದಲಿಸಿದೆ.

ಮೊದಲ ವಾರ ಲೆನ್ಸ್ ಮುಟ್ಟಲೇ ಇಲ್ಲ. ಉಗುರು ಪೂರ್ತಿ ಕತ್ತರಿಸಿ, ಎಣ್ಣೆಯಂಶ ಇಲ್ಲದ, ವಾಸನೆ ಇಲ್ಲದ ಸೋಪಿನಿಂದ ಕೈ ತೊಳೆದು, ಒರೆಸಿಕೊಂಡು, ತೋರುಬೆರಳ ತುದಿಗೆ ಒಂದು ಹನಿ ಸ್ಟೆರೈಲ್ ಸಲೈನ್ (ಕ್ರಿಮಿರಹಿತ ಉಪ್ಪಿನ ದ್ರಾವಣ) ಹಾಕಿಕೊಳ್ಳುತ್ತಿದ್ದೆ. ಮೇಲೆ ನೋಡುತ್ತಾ ಆ ಹನಿಯನ್ನು ಕೆಳಗಿನ ಬಿಳಿಭಾಗಕ್ಕೆ ತಾಗಿಸುವುದು, ಅಷ್ಟೇ. ಬೆಳಿಗ್ಗೆ ನಾಲ್ಕೈದು ಸಲ, ರಾತ್ರಿ ನಾಲ್ಕೈದು ಸಲ. ಮೂರು ನಾಲ್ಕು ದಿನದಲ್ಲಿ ರೆಪ್ಪೆ ಹೆದರುವುದು ಕಡಿಮೆಯಾಯಿತು. ಇದನ್ನು ಕೇಳಿ ಫಿಟ್ ಮಾಡುವವರೊಬ್ಬರು ನಕ್ಕಿದ್ದರು. ಈಗ ಅವರೇ ಹೊಸಬರಿಗೆ ಇದನ್ನು ಹೇಳುತ್ತಾರೆ.

ಆಮೇಲೆ ಲೆನ್ಸ್. ಕನ್ನಡಿಯನ್ನು ಗೋಡೆಯಿಂದ ಇಳಿಸಿ ಮೇಜಿನ ಮೇಲೆ ಮಲಗಿಸಿದೆ. ಮುಖ ಅದರ ಮೇಲೆ ಬಾಗಿಸಿದರೆ ಲೆನ್ಸ್ ಜಾರಿದರೂ ಕನ್ನಡಿ ಮೇಲೇ ಬೀಳುತ್ತದೆ, ಹುಡುಕಾಟ ಇಲ್ಲ. ಹಾಗೆ ಬಿದ್ದದ್ದನ್ನು ಸೊಲ್ಯೂಷನ್‌ನಲ್ಲಿ ಉಜ್ಜಿ ತೊಳೆಯದೆ ಮತ್ತೆ ಹಾಕಬಾರದು. ಎಡಗೈ ಬೆರಳಿನಿಂದ ಮೇಲ್ರೆಪ್ಪೆಯನ್ನು ಕೂದಲಿನ ಬುಡದಲ್ಲೇ ಹಿಡಿದು ಹುಬ್ಬಿನ ಮೂಳೆಗೆ ಒತ್ತಿಡಬೇಕು. ಇಲ್ಲೇ ಜಾಸ್ತಿ ಜನ ಸೋಲುವುದು. ಅರ್ಧ ಇಂಚು ಮೇಲೆ ಹಿಡಿದರೆ ಚರ್ಮ ಮಾತ್ರ ಎಳೆಯುತ್ತದೆ, ರೆಪ್ಪೆಯ ಅಂಚು ಬಿಡುವಾಗೇ ಇದ್ದು ಮುಚ್ಚಿಕೊಳ್ಳುತ್ತದೆ. ಬಲಗೈ ನಡುಬೆರಳಿನಿಂದ ಕೆಳರೆಪ್ಪೆ ಇಳಿಸಿ, ದೃಷ್ಟಿಯನ್ನು ಮೇಲೆ ಹುಬ್ಬಿನ ಕಡೆಗೆ ಎತ್ತಿ, ತೋರುಬೆರಳಿನ ಲೆನ್ಸನ್ನು ಕೆಳಗಿನ ಬಿಳಿಭಾಗದ ಮೇಲೆ ಒರಗಿಸಬೇಕು. ಒತ್ತುವುದು ಬೇಡ. ತಾಗಿದ ಕೂಡಲೇ ಬೆರಳು ಕೀಳಬಾರದು, ಲೆನ್ಸ್ ಬೆರಳು ಬಿಡುವವರೆಗೆ ಒಂದೆರಡು ಸೆಕೆಂಡ್ ಕಾಯಬೇಕು. ಆಮೇಲೆ ನಿಧಾನವಾಗಿ ಕೆಳಗೆ ನೋಡಿ. ಕರಿಗುಡ್ಡೆ ತಾನೇ ಇಳಿದು ಲೆನ್ಸಿನ ಕೆಳಗೆ ಸೇರಿಕೊಳ್ಳುತ್ತದೆ. ಮೊದಲು ಕೆಳರೆಪ್ಪೆ ಬಿಡಿ, ಆಮೇಲೆ ಮೇಲ್ರೆಪ್ಪೆ. ಇನ್ನೊಂದು ಕಣ್ಣು ಅಷ್ಟು ಹೊತ್ತೂ ತೆರೆದೇ ಇರಬೇಕು. ಅದನ್ನು ಮುಚ್ಚಿದರೆ ಇದೂ ಮುಚ್ಚಲು ಒದ್ದಾಡುತ್ತದೆ.

ಬೆರಳು ಒಣಗಿರಬೇಕು, ಲೆನ್ಸ್ ಒದ್ದೆ ಇರಬೇಕು. ಎರಡೂ ಒದ್ದೆಯಾದರೆ ಲೆನ್ಸ್ ಕಣ್ಣಿಗೆ ಹೋಗದೆ ಬೆರಳಿಗೇ ಅಂಟಿಕೊಳ್ಳುತ್ತದೆ. ತಿರುವುಮುರುವು ಆಗಿದೆಯೋ ಅಂತ ಬದಿಯಿಂದ ನೋಡಿ: ಅಂಚು ಬಟ್ಟಲಿನ ಹಾಗೆ ಮೇಲಕ್ಕೆ ನೆಟ್ಟಗಿದ್ದರೆ ಸರಿ, ಹೊರಕ್ಕೆ ಬಾಗಿದ್ದರೆ ಉಲ್ಟಾ. ಎಡಗಣ್ಣಿಗೆ ನಾನು ಮಾಡುವ ಇನ್ನೊಂದು ಕೈಚಳಕ ಇದೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಎದುರು ಕೂರಿಸಿಕೊಂಡು ತೋರಿಸಬೇಕಾದ್ದು ಅದು, ಓದಿ ಮಾಡಹೋದರೆ ಕಣ್ಣಿಗೆ ಉಗುರು ತಾಗುತ್ತದೆ.

ತೆಗೆಯುವುದಕ್ಕೂ ಇದೇ ನಿಯಮ. ಕರಿಗುಡ್ಡೆ ಮೇಲೆ ಚಿವುಟಬೇಡಿ. ಮೇಲೆ ನೋಡಿ, ತೋರುಬೆರಳಿನಿಂದ ಲೆನ್ಸನ್ನು ಬಿಳಿಭಾಗಕ್ಕೆ ಜಾರಿಸಿ, ಬೆರಳ ಮೆತ್ತನೆ ಭಾಗದಿಂದ ಹಿಡಿದು ತೆಗೆಯಿರಿ. ಸಂಜೆ ಕಣ್ಣು ಒಣಗಿ ಲೆನ್ಸ್ ಅಲುಗಾಡದಿದ್ದರೆ ಎಳೆದಾಡಬಾರದು. ಲೆನ್ಸಿಗೆ ಆಗುವ ಹನಿ ಹಾಕಿ ಐದು ನಿಮಿಷ ಕಾದರೆ ತಾನಾಗಿ ಸಡಿಲವಾಗುತ್ತದೆ. ಲೆನ್ಸ್ ಕಣ್ಣಿನ ಹಿಂದಕ್ಕೆ ಹೋಗಿಬಿಡುತ್ತದೆ ಅನ್ನುವ ಭಯ ಬೇಡವೇ ಬೇಡ. ರೆಪ್ಪೆಯ ಒಳಪದರ ಅಲ್ಲೇ ಮಡಚಿ ಕಣ್ಣುಗುಡ್ಡೆಗೆ ಸೇರಿಕೊಂಡಿರುತ್ತದೆ, ಹಿಂದೆ ಹೋಗಲು ದಾರಿಯೇ ಇಲ್ಲ.

ಇನ್ನು ದುಡ್ಡು. ಕಲಿಯುವ ದಿನಗಳಲ್ಲಿ ಹರಿದದ್ದು, ಒಣಗಿ ಗರಿಗರಿಯಾದದ್ದು, ಕಳೆದದ್ದು ಎಲ್ಲ ಸೇರಿಸಿದರೆ ನಾಲ್ಕೈದು ತಿಂಗಳ ಲೆನ್ಸಿನ ಖರ್ಚು ಹಾಗೇ ಹೋಯಿತು. ಅದಕ್ಕೇ ಹೇಳುತ್ತೇನೆ, ಟೋರಿಕ್ (ಕಣ್ಣಿನ ಬಾಗು ಎಲ್ಲ ದಿಕ್ಕಿಗೂ ಒಂದೇ ಸಮ ಇಲ್ಲದವರಿಗೆ ಕೊಡುವ ಲೆನ್ಸ್) ಬೇಕಾದವರು ಕಲಿಯುವಾಗ ಟೋರಿಕ್ ಹರಿಯಬೇಡಿ. ನನಗೆ ಅದು ಸಾಮಾನ್ಯ ಲೆನ್ಸಿನ ಸುಮಾರು ಒಂದೂವರೆ ಪಟ್ಟು ಬೀಳುತ್ತದೆ. ಫಿಟ್ ಮಾಡುವವರ ಬಳಿ ಬಿಗಿಯಲ್ಲೂ ಅಳತೆಯಲ್ಲೂ ಹೊಂದುವ ಸಾದಾ ಟ್ರಯಲ್ ಲೆನ್ಸ್ ಕೇಳಿ, ಅದರಲ್ಲೇ ಕೈ ಪಳಗಿಸಿಕೊಳ್ಳಿ. ಮಂತ್ಲಿ (ತಿಂಗಳಿಗೊಮ್ಮೆ ಬದಲಿಸುವ ಲೆನ್ಸ್) ಅಗ್ಗ, ಡೈಲಿ (ಒಂದೇ ದಿನ ಹಾಕಿ ಎಸೆಯುವ ಲೆನ್ಸ್) ದುಬಾರಿ ಅನ್ನುವ ಮಾತೂ ಪೂರ್ತಿ ನಿಜವಲ್ಲ. ಮಂತ್ಲಿ ಅಂದರೆ ತೆರೆದ ದಿನದಿಂದ ಲೆಕ್ಕ, ಹಾಕಿದ ದಿನಗಳ ಲೆಕ್ಕವಲ್ಲ. ಹತ್ತೇ ದಿನ ಹಾಕಿದರೂ ತಿಂಗಳಿಗೆ ಎಸೆಯಲೇಬೇಕು. ಜೊತೆಗೆ ಸೊಲ್ಯೂಷನ್, ಕೇಸ್ ಬೇರೆ. ನನ್ನ ಲೆಕ್ಕದಲ್ಲಿ ವಾರಕ್ಕೆ ಮೂರು ದಿನದೊಳಗೆ ಹಾಕುವವರಿಗೆ ಡೈಲಿಯೇ ಅಗ್ಗ. ನಾನು ಎರಡನ್ನೂ ಒಂದೊಂದು ವರ್ಷ ಬಳಸಿ ಈ ಲೆಕ್ಕಕ್ಕೆ ಬಂದೆ.

ಟೋರಿಕ್ ವಿಷಯ ಬಂದಿದ್ದಕ್ಕೆ ಒಂದು ಪ್ರಯೋಗ ಹೇಳಲೇಬೇಕು. ನನ್ನ ಎಡಗಣ್ಣಿಗೆ -1.25 ಸಿಲಿಂಡರ್ (ಆ ಅಸಮ ಬಾಗಿಗೆ ಕೊಡುವ ಪವರ್), ಆಕ್ಸಿಸ್ (ಅದು ಕೂರಬೇಕಾದ ಕೋನ) 180. ಕೆಲವು ಸಂಜೆ ಅಕ್ಷರಗಳಿಗೆ ನೆರಳು ಬಂದ ಹಾಗೆ ಕಾಣುತ್ತಿತ್ತು. ಫಿಟ್ ಮಾಡುವವರು ಪವರ್ ಏರಿದೆ ಅಂದರು. ನನಗೆ ನಂಬಿಕೆ ಬರಲಿಲ್ಲ. ನನ್ನ ಟೋರಿಕ್ ಲೆನ್ಸಿನ ಕೆಳ ಅಂಚಿನಲ್ಲಿ ಸಣ್ಣ ಗೆರೆ ಇದೆ, ಅದು ಆರು ಗಂಟೆಯ ಸ್ಥಾನದಲ್ಲಿರಬೇಕು. ಫೋನಿನ ಕ್ಯಾಮೆರಾದಲ್ಲಿ ಹತ್ತಿರದಿಂದ, ಬದಿಯಿಂದ ಬೆಳಕು ಬಿಟ್ಟು ಫೋಟೋ ತೆಗೆದು ನೋಡಿದೆ. ಮಗ್ಗುಲಾಗಿ ಮಲಗಿ ಓದಿ ಎದ್ದ ಕೂಡಲೇ ಗೆರೆ ಹತ್ತು ಹದಿನೈದು ಡಿಗ್ರಿ ಸರಿದಿರುತ್ತಿತ್ತು. ಹತ್ತು ಡಿಗ್ರಿ ತಿರುಗಿದರೆ ಸಿಲಿಂಡರ್‌ನ ಸುಮಾರು ಮೂರನೇ ಒಂದು ಭಾಗ ಸರಿಯಾಗದೆ ಉಳಿಯುತ್ತದೆ. ಅದೇ ಆ ನೆರಳು! ನೆಟ್ಟಗೆ ಕೂತು ಒಂದಷ್ಟು ಸಲ ಕಣ್ಣು ಮಿಟುಕಿಸಿದರೆ ಲೆನ್ಸ್ ಜಾಗಕ್ಕೆ ಬರುತ್ತದೆ. ಆ ಫೋಟೋ ತೋರಿಸಿದ ಮೇಲೆ ಪವರ್ ಬದಲಿಸುವ ಮಾತು ನಿಂತಿತು, ಇನ್ನೊಂದು ಬಾಕ್ಸಿನ ದುಡ್ಡೂ ಉಳಿಯಿತು.

ಸಂಜೆ ಉರಿಯ ಬಗ್ಗೆಯೂ ಹೀಗೇ ತಡಕಾಡಿದೆ. ಸ್ಕ್ರೀನ್ ಮುಂದೆ ನಾವು ಮಿಟುಕಿಸುವುದು ಅರ್ಧಕ್ಕಿಂತ ಕಡಿಮೆಯಾಗುತ್ತದೆ, ಮಿಟುಕಿಸಿದರೂ ರೆಪ್ಪೆ ಪೂರ್ತಿ ಮುಚ್ಚುವುದಿಲ್ಲ. ಮಾನಿಟರನ್ನು ಕಣ್ಣಿನ ಮಟ್ಟಕ್ಕಿಂತ ಒಂದು ಗೇಣು ಇಳಿಸಿದೆ. ಕಣ್ಣು ಕಡಿಮೆ ತೆರೆದುಕೊಂಡರೆ ಒಣಗುವುದೂ ಕಡಿಮೆ. ಹನಿಗಿಂತ ಇದೇ ನನಗೆ ಜಾಸ್ತಿ ಕೆಲಸ ಮಾಡಿತು. ಪೆರಾಕ್ಸೈಡ್ ಸೊಲ್ಯೂಷನ್‌ಗೂ ಬದಲಾದೆ, ಬೆಳಿಗ್ಗಿನ ಕೆಂಪು ಹೋಯಿತು. ಆದರೆ ಅದಕ್ಕೆ ಅದರದೇ ಕೇಸ್ ಬೇಕು, ಲೆನ್ಸನ್ನು ಅದರಲ್ಲಿ ಕನಿಷ್ಠ ಆರು ಗಂಟೆ ಬಿಡಬೇಕು. ಅವಸರದಲ್ಲಿ ಅರ್ಧಕ್ಕೇ ತೆಗೆದು ಹಾಕಿದರೆ ಕಣ್ಣು ಸುಟ್ಟ ಹಾಗಾಗುತ್ತದೆ.

ಪ್ರಯೋಗಕ್ಕೆ ಇಳಿಯಬಾರದ ಜಾಗ ಒಂದಿದೆ: ನೀರು. ನಲ್ಲಿ ನೀರು, ಫಿಲ್ಟರ್ ನೀರು, ಈಜುಕೊಳ, ಶವರ್ ಯಾವುದೂ ಲೆನ್ಸಿಗೆ ಸೋಕಬಾರದು. ಅಕಾಂತಮೀಬಾ ಅನ್ನುವ ಜೀವಿ ನೀರಿನಲ್ಲಿ ಇರುತ್ತದೆ, ಲೆನ್ಸಿಗೆ ಅಂಟಿಕೊಂಡು ಕಾರ್ನಿಯಾಗೆ ಇಳಿದರೆ ತಿಂಗಳುಗಟ್ಟಲೆ ಚಿಕಿತ್ಸೆ, ದೃಷ್ಟಿಯೇ ಹೋಗಬಹುದು. ಕೇಸನ್ನೂ ಸೊಲ್ಯೂಷನ್‌ನಲ್ಲೇ ತೊಳೆದು, ಬೋರಲು ಹಾಕಿ ಒಣಗಿಸಿ, ಮೂರು ತಿಂಗಳೊಳಗೆ ಎಸೆಯಿರಿ. ನಿನ್ನೆಯ ಸೊಲ್ಯೂಷನ್ ಮೇಲೆ ಹೊಸದನ್ನು ಸುರಿಯುವ ಉಳಿತಾಯ ಬೇಡ. ಲೆನ್ಸ್ ಹಾಕಿಕೊಂಡು ಮಲಗಲೂಬೇಡಿ.

ಹೊಸಬರು ಮೊದಲ ದಿನ ಮೂರು ನಾಲ್ಕು ಗಂಟೆ ಹಾಕಿದರೆ ಸಾಕು, ಆಮೇಲೆ ದಿನಕ್ಕೆ ಒಂದೆರಡು ಗಂಟೆ ಏರಿಸಿ. ನೋವು, ಕೆಂಪು, ಬೆಳಕು ತಡೆಯಲಾಗದಿರುವುದು, ಮಂಜು, ಇವುಗಳಲ್ಲಿ ಯಾವುದೇ ಬಂದರೂ ಲೆನ್ಸ್ ತೆಗೆದು ಅದೇ ದಿನ ಕಣ್ಣಿನ ವೈದ್ಯರ ಬಳಿ ಹೋಗಿ, ಹೋಗುವಾಗ ಲೆನ್ಸನ್ನೂ ಕೇಸನ್ನೂ ಒಯ್ಯಿರಿ, ಪರೀಕ್ಷೆಗೆ ಬೇಕಾಗಬಹುದು. ಲೆನ್ಸ್ ಸಿಕ್ಕಿತು ಅಂತ ಕನ್ನಡಕದ ಪವರ್ ಹಳೆಯದೇ ಇಟ್ಟುಕೊಳ್ಳುವವರು ಇಂಥ ದಿನವೇ ಲೆನ್ಸ್ ತೆಗೆಯಲು ಹಿಂದೆಮುಂದೆ ನೋಡುವುದು. ಪ್ರತಿ ಸಲ ಲೆನ್ಸಿನ ಪವರ್ ಬದಲಿಸಿದಾಗ ಕನ್ನಡಕದ ಗಾಜನ್ನೂ ಬದಲಿಸಿ.