ಹೊಲದ ದುಡಿಮೆಯ ಗಂಟೆ ಲೆಕ್ಕ: ಸುಗ್ಗಿ ಮುಗಿದ ಮೇಲೆ ಕೇಳಿದ್ದು, ವಾರವಾರ ಹೋಗಿ ಬರೆದುಕೊಂಡದ್ದು

ಒಂದು ವರ್ಷ ಜನವರಿಯಲ್ಲಿ ನಾನು ಕುಣಿಗಲ್ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಸರ್ವೆ ಮಾಡುತ್ತಿದ್ದೆ. ರಾಗಿ ಕೊಯ್ಲಾಗಿ, ಮೆದೆ ಹಾಕಿ, ಒಕ್ಕಣೆಯೂ ಮುಗಿದಿತ್ತು. ಟ್ಯಾಬ್‌ನಲ್ಲಿದ್ದ ಪ್ರಶ್ನೆ ಇದು: ಈ ಹಂಗಾಮಿನಲ್ಲಿ ಈ ಹೊಲದಲ್ಲಿ ಎಷ್ಟು ವಾರ ದುಡಿದಿರಿ, ವಾರಕ್ಕೆ ಎಷ್ಟು ದಿನ, ದಿನಕ್ಕೆ ಎಷ್ಟು ಗಂಟೆ? ಒಂದು ಮನೆಯ ಯಜಮಾನರು ಸ್ವಲ್ಪ ಯೋಚಿಸಿ, "ಇಪ್ಪತ್ತು ವಾರ, ಆರು ದಿನ, ಎಂಟು ಗಂಟೆ ಬರ್ಕೊಳ್ಳಪ್ಪ" ಅಂದರು. ಗುಣಿಸಿದರೆ 960 ಗಂಟೆ. ಹೊಲ ಇದ್ದದ್ದು 30 ಗುಂಟೆ. ಪಕ್ಕದಲ್ಲೇ ಇದ್ದ ಹುರುಳಿ ಹೊಲಕ್ಕೂ ಅವರು ಅದೇ ಉತ್ತರ ಕೊಟ್ಟರು. ಎರಡನ್ನೂ ಸೇರಿಸಿದರೆ ದಿನಕ್ಕೆ 16 ಗಂಟೆ ಹೊಲದಲ್ಲೇ ಇದ್ದಂಗಾಯ್ತು.

ಅವರು ಸುಳ್ಳು ಹೇಳಲಿಲ್ಲ. ನಾಟಿ, ಕಳೆ, ಕೊಯ್ಲು ಅಂತ ಮೈಮುರಿದು ದುಡಿದ ದಿನಗಳು ಅವರ ನೆನಪಿನಲ್ಲಿದ್ದವು. ಮಳೆ ಹಿಡಿದು ಮನೆಯಲ್ಲೇ ಕೂತ ದಿನ, ಮದುವೆಗೆ ಹೋದ ದಿನ, ಬೆಳಿಗ್ಗೆ ಸುಮ್ನೆ ಬದುವಿನ ಮೇಲೆ ಒಂದು ಸುತ್ತು ಹಾಕಿ ಬಂದ ದಿನ, ಇವೆಲ್ಲ ಯಾರಿಗೆ ನೆನಪಿರುತ್ತವೆ? ತಿಂಗಳ ಸಂಬಳದವರನ್ನು ಕೇಳಿದರೆ ಸರಿಯಾಗಿ ಹೇಳುತ್ತಾರೆ, ಅವರಿಗೆ ಎಲ್ಲಾ ದಿನವೂ ಒಂದೇ ಥರ. ಹೊಲಕ್ಕೆ ಹಾಗೆ ಗಂಟೆ ಹೊಡೆಯುವುದಿಲ್ಲ. ಪ್ರಶ್ನೆಯಲ್ಲಿ ಮೂರು ಅಂದಾಜುಗಳನ್ನು ಕೇಳಿ ಒಂದಕ್ಕೊಂದು ಗುಣಿಸಿದರೆ, ಮೂರರಲ್ಲಿ ಇದ್ದ ಸಣ್ಣ ತಪ್ಪುಗಳೂ ಜೊತೆಗೇ ಗುಣಿಸಿಕೊಂಡು ದೊಡ್ಡದಾಗುತ್ತವೆ.

ಇದು ನನ್ನನ್ನು ತುಂಬಾ ಕಾಡಿತು. ಮುಂದಿನ ಮುಂಗಾರಿಗೆ ಅದೇ ಊರಿನ ಹನ್ನೆರಡು ಮನೆಯವರನ್ನು ಒಪ್ಪಿಸಿ, ವಾರಕ್ಕೊಮ್ಮೆ ಹೋಗಿ ಬರೆದುಕೊಳ್ಳಲು ಶುರು ಮಾಡಿದೆ. ಟ್ಯಾಬ್ ಬೇಡ ಅಂತ ಒಂದು ನೋಟ್‌ಬುಕ್ ಇಟ್ಟುಕೊಂಡೆ.

ಮೊದಲು ತಿದ್ದಿಕೊಂಡದ್ದು 'ಕೆಲಸ' ಅನ್ನೋ ಮಾತು. ನಮ್ಮ ಕಡೆ 'ಕೆಲಸಕ್ಕೆ ಹೋಗೋದು' ಅಂದರೆ ಕೂಲಿಗೋ ನೌಕರಿಗೋ ಹೋಗೋದು ಅಂತಲೇ ಅರ್ಥ. "ಕೆಲಸಕ್ಕೆ ಹೋಗ್ತೀರಾ ಅಮ್ಮಾ?" ಅಂದರೆ "ಇಲ್ಲ ಕಣಪ್ಪ, ಮನೇಲೇ ಇರ್ತೀನಿ" ಅನ್ನುತ್ತಿದ್ದರು. ಹಾಗಂದವರ ಸೆರಗಿನಲ್ಲಿ ಆಗಷ್ಟೇ ಬಿಡಿಸಿಕೊಂಡು ಬಂದ ಅವರೆಕಾಯಿ ಇರುತ್ತಿತ್ತು! ಆಮೇಲಿಂದ ನಾನು ಕೇಳಿದ್ದು ಹೀಗೆ: "ನಿನ್ನೆ ಹೊಲದ ಕಡೆ ಹೋಗಿದ್ರಾ? ಮುದ್ದೆ ಉಂಡು ಹೋದ್ರಾ, ಉಣ್ಣೋಕ್ ಮುಂಚೆನಾ? ಬಂದಾಗ ದನ ಕೊಟ್ಟಿಗೆಗೆ ಬಂದಿದ್ವಾ?" ಹೀಗೆ ಊಟ, ದನ, ಬಸ್ಸು ಹಿಡಿದುಕೊಂಡು ಕೇಳಿದರೆ ಗಂಟೆ ತಾನಾಗಿ ಸಿಗುತ್ತದೆ. ಮತ್ತೆ, ಅವರವರ ದುಡಿಮೆಯನ್ನು ಅವರವರ ಬಾಯಲ್ಲೇ ಕೇಳಿದೆ. ಸೊಸೆ ಎಷ್ಟು ಹೊತ್ತು ಕಳೆ ಕಿತ್ತಳು ಅಂತ ಮಾವನಿಗೆ ಹೇಗೆ ಗೊತ್ತಿರುತ್ತೆ, ಅಲ್ವಾ?

ಒಂದು ವಾರ ತಪ್ಪಿದರೆ ಮಳೆ ಹೆಸರು ಹಿಡಿದು ಕೇಳುತ್ತಿದ್ದೆ. ಜುಲೈ 20 ಅಂದರೆ ಯಾರಿಗೂ ಏನೂ ಹೊಳೆಯುವುದಿಲ್ಲ. "ಪುಷ್ಯ ಮಳೆ ಹುಟ್ಟಿದಾಗ ಬಿತ್ತನೆ ಆಗಿತ್ತಾ?" ಅಂದರೆ ತಕ್ಷಣ ಉತ್ತರ ಬರುತ್ತದೆ. ಒಂದೊಂದು ಮಳೆಗೆ 13–14 ದಿನ. ಇಷ್ಟು ಚೆನ್ನಾಗಿರೋ ಕ್ಯಾಲೆಂಡರ್ ರೈತರ ಬಾಯಲ್ಲೇ ಇರುವಾಗ ನಾವು ಯಾಕೆ ಇಂಗ್ಲಿಷ್ ತಿಂಗಳುಗಳನ್ನೇ ಹಿಡಿದು ಕೂರಬೇಕು?

ಕಷ್ಟವೂ ಇತ್ತು. ಮುಯ್ಯಾಳು ಲೆಕ್ಕ ನನಗೆ ತಲೆನೋವಾಯಿತು. ಇವತ್ತು ಇವರು ಅವರ ಹೊಲಕ್ಕೆ, ನಾಳೆ ಅವರು ಇವರ ಹೊಲಕ್ಕೆ. ಎರಡೂ ಮನೆಯವರು ಹೇಳುತ್ತಾರೆ, ಒಂದೇ ದುಡಿಮೆ ಎರಡು ಸಲ ಬರೆದುಹೋಗುತ್ತದೆ. ಕೊನೆಗೆ ಯಾರ ಮೈ ದುಡಿಯಿತೋ ಆ ಮನೆಯಲ್ಲಿ ಬರೆದು, ಯಾರ ಹೊಲ ಅಂತ ಪಕ್ಕದಲ್ಲಿ ಗುರುತು ಹಾಕಿಕೊಂಡೆ.

ಒಕ್ಕಣೆ ಮುಗಿದ ಮೇಲೆ ಅದೇ ಮನೆಗಳಲ್ಲಿ ಮತ್ತೆ ಹಳೇ ಪ್ರಶ್ನೆ ಕೇಳಿದೆ. ಒಂದು ಹೊಲಕ್ಕೆ ಒಬ್ಬರ ಗಂಟೆ ಅಂತ ನೋಡಿದರೆ, ನನ್ನ ನೋಟ್‌ಬುಕ್‌ಗಿಂತ ಸುಮಾರು ಮನೆಗಳಲ್ಲಿ ತುಂಬಾ ಜಾಸ್ತಿ ಬಂತು. ನಾನು ಅಂದುಕೊಂಡಿರದ ಇನ್ನೊಂದು ವಿಷಯವೂ ಸಿಕ್ಕಿತು. ಕೆಲವು ಹೊಲಗಳೇ ಮಾಯವಾಗಿದ್ದವು. ಕೆರೆ ಹಿಂದಿನ ಐದು ಗುಂಟೆ ಜೋಳ ಯಾರ ಬಾಯಲ್ಲೂ ಬರಲಿಲ್ಲ. ಶಾಲೆಯಿಂದ ಬಂದು ದಿನಾ ಒಂದು ಗಂಟೆ ಹಕ್ಕಿ ಓಡಿಸಿದ ಹುಡುಗಿಯ ಹೆಸರೂ ಬರಲಿಲ್ಲ. ಹೆಸರು ನೆನಪಾದವರ ಗಂಟೆ ಉಬ್ಬಿತ್ತು, ಹೆಸರೇ ಮರೆತುಹೋದವರ ಗಂಟೆ ಸೊನ್ನೆಯಾಗಿತ್ತು.

ಹನ್ನೆರಡು ಮನೆ ನೋಡಿ ದೊಡ್ಡ ಮಾತು ಆಡಬಾರದು. ಆದರೆ ಟಾಂಜಾನಿಯಾದ ಮಾರಾ ಪ್ರಾಂತ್ಯದಲ್ಲಿ 2014ರಲ್ಲಿ ಇದನ್ನೇ ದೊಡ್ಡದಾಗಿ ಪರೀಕ್ಷೆ ಮಾಡಿದ್ದರು. ಕೆಲವು ಮನೆಗಳನ್ನು ವಾರವಾರ ಕೇಳಿದರು, ಕೆಲವನ್ನು ಹಂಗಾಮು ಮುಗಿದ ಮೇಲೆ ಮಾತ್ರ ಕೇಳಿದರು. ಒಬ್ಬರ ಒಂದು ಹೊಲದ ಗಂಟೆ ಕೊನೆಯಲ್ಲಿ ಕೇಳಿದಾಗ ನಾಲ್ಕು ಪಟ್ಟಿನವರೆಗೂ ಜಾಸ್ತಿ ಬಂದಿತ್ತು. ಇಡೀ ಮನೆಯ ಒಟ್ಟು ಗಂಟೆ ನೋಡಿದರೆ ಆ ವ್ಯತ್ಯಾಸವೇ ಕಾಣಲಿಲ್ಲ, ಯಾಕೆಂದರೆ ಕೊನೆಯಲ್ಲಿ ಮಾತ್ರ ಉತ್ತರ ಕೊಟ್ಟ ಮನೆಯವರು ಹೊಲಗಳನ್ನೂ ಜನರನ್ನೂ ಬಿಟ್ಟು ಹೇಳಿದ್ದರು. ಅದನ್ನು ಓದಿದಾಗ ನನ್ನ ನೋಟ್‌ಬುಕ್ಕೇ ಕಣ್ಣ ಮುಂದೆ ಬಂತು. ಒಟ್ಟು ಸರಿಯಾಗಿ ಕಂಡರೂ, ಒಳಗೆ ಯಾರು ಎಷ್ಟು ದುಡಿದರು ಅನ್ನೋದು ತಪ್ಪೇ.

ಇಷ್ಟೆಲ್ಲಾ ಯಾಕೆ ಬೇಕು ಅಂತ ಊರಲ್ಲೇ ಒಬ್ಬರು ಕೇಳಿದರು. ರಾಗಿಯ ಬೆಂಬಲ ಬೆಲೆಯ ಉದಾಹರಣೆ ಕೊಟ್ಟೆ. ಕೇಂದ್ರದ 2018–19ರ ಬಜೆಟ್‌ನಲ್ಲಿ ಖರ್ಚಿನ ಒಂದೂವರೆ ಪಟ್ಟು ಕೊಡುತ್ತೇವೆ ಅಂದರಲ್ಲ, ಅದಕ್ಕೆ ಹಿಡಿಯುವ 'ಎ2 + ಎಫ್‌ಎಲ್' ಖರ್ಚಿನಲ್ಲಿ ಎ2 ಅಂದರೆ ಕೈಯಿಂದ ಹಾಕಿದ ಖರ್ಚು, ಎಫ್‌ಎಲ್ ಅಂದರೆ ಮನೆಯವರ ದುಡಿಮೆಯೇ. ಅದರ ಗಂಟೆ ಹೇಗೆ ಬರೆದುಕೊಂಡರು ಅನ್ನೋದು ಬೆಲೆಯವರೆಗೂ ಮುಟ್ಟುತ್ತದೆ. ಅವರು ಮರುಮಾತಾಡದೆ ಹೆಂಡತಿಯನ್ನು ಕರೆದು, "ಬಾ, ನಿಂದೂ ಬರ್ಸು" ಅಂದರು.

ಪ್ರತಿ ಸರ್ವೆಗೂ ವಾರವಾರ ಹೋಗಲು ದುಡ್ಡಿರುವುದಿಲ್ಲ, ಗೊತ್ತು. ನಮ್ಮ ದೇಶದ ಸಮಯ ಬಳಕೆ ಸಮೀಕ್ಷೆ, 2019ರಲ್ಲೂ 2024ರಲ್ಲೂ ನಡೆದದ್ದು, ಹಿಂದಿನ ದಿನದ ಬೆಳಗಿನ ಜಾವ 4ರಿಂದ 24 ಗಂಟೆಯನ್ನು ಅರ್ಧರ್ಧ ಗಂಟೆಯಾಗಿ ಕೇಳುತ್ತದೆ. ನೆನಪಿನ ಮಟ್ಟಿಗೆ ಅದು ಒಳ್ಳೇ ದಾರಿ. ಆದರೆ ಒಂದು ಮನೆಯ ಒಂದು ದಿನ ಹಿಡಿದು ಅದೇ ಮನೆಯ ಇಡೀ ಹಂಗಾಮು ಹೇಳಲು ಬರುವುದಿಲ್ಲ. ನನಗೆ ಅನುಕೂಲವಾದದ್ದು ಫೋನ್. ಮೊದಲ ಎರಡು ವಾರ ಮನೆಗೇ ಹೋಗಿ ಪರಿಚಯ ಮಾಡಿಕೊಂಡರೆ, ಆಮೇಲೆ ಸಂಜೆ ಹತ್ತು ನಿಮಿಷ ಫೋನಿನಲ್ಲಿ ಖುಷಿಯಿಂದ ಹೇಳುತ್ತಾರೆ. ಫೋನ್ ಗಂಡಸರ ಕೈಯಲ್ಲಿರುವ ಮನೆಗೆ ಮಾತ್ರ ನಾನೇ ಹೋಗುತ್ತಿದ್ದೆ.

ಒಂದು ಮಾತ್ರ ಇವತ್ತಿಗೂ ಬಗೆಹರಿದಿಲ್ಲ. ರಾಗಿ ಹೊಲದಲ್ಲಿ ಕಳೆ ಕಿತ್ತು, ಅದೇ ಕಳೆಯನ್ನು ಹೊರೆ ಕಟ್ಟಿ ಹಸುವಿಗೆ ತಂದು ಹಾಕುತ್ತಾರೆ. ಅದು ಹೊಲದ ಕೆಲಸವೋ, ಹಸುವಿನ ಕೆಲಸವೋ? ಹಾಗೆ ಹೊರೆ ತಂದ ಒಬ್ಬ ಅಮ್ಮನನ್ನೇ ಕೇಳಿದೆ. "ಎರಡೂ ಒಂದೇ ಕೈಯಲ್ಲಿ ಆಗೋದು ಕಣಪ್ಪ, ನೀನು ಹೆಂಗ್ ಬೇಕಾದ್ರೂ ಬರ್ಕೊ, ಬಿಡಬೇಡ ಅಷ್ಟೆ" ಅಂದರು. ಕೀಳುವ ಹೊತ್ತನ್ನು ಹೊಲಕ್ಕೆ, ಹೊರುವ ಹೊತ್ತನ್ನು ಹಸುವಿಗೆ ಅಂತ ಬರೆದುಕೊಂಡೆ.