ಬೇಸಿಗೆಯಲ್ಲಿ ಓಟ ನಿಲ್ಲಿಸ್ತೀನಿ, ಪಾಠ ನಿಲ್ಲಿಸಲ್ಲ

ನನ್ನ ಹತ್ತಿರ ಇರೋದು ಮಾರ್ವಾರಿ ಹೆಣ್ಣು ಕುದುರೆ. ಹೆಸರು ಚಂದ್ರಿ. ಕಿವಿಗಳು ಒಳಕ್ಕೆ ಬಾಗಿ ತುದಿಗೆ ತುದಿ ತಾಗುತ್ತವೆ, ನೋಡಿದ ಕೂಡಲೇ ತಳಿ ಗೊತ್ತಾಗುತ್ತೆ. ಹಾಗಾಗಿ ಬೇಸಿಗೆ ಬಂದರೆ ಕಲಬುರಗಿ ಕಡೆ ಎಲ್ಲರದ್ದೂ ಒಂದೇ ಮಾತು: "ರಾಜಸ್ಥಾನದ ಕುದರಿ, ಇದಕ್ಕೇನ್ರೀ ಬಿಸಲು?"

ನಿಂತಿದ್ದರೆ ಏನೂ ಇಲ್ಲ, ನೆರಳು ನೀರು ಸಾಕು. ಓಡಿಸಿದಾಗಲೇ ತಾಪತ್ರಯ. ಸ್ನಾಯು ಸುಡುವ ಶಕ್ತಿಯಲ್ಲಿ ಓಟಕ್ಕೆ ಸಿಗೋದು ಹೆಚ್ಚೆಂದರೆ ಕಾಲು ಭಾಗ. ಉಳಿದದ್ದೆಲ್ಲ ಕಾವು. ನಾನೂರು ಕಿಲೋ ಮೈಯೊಳಗಿನ ಆ ಕಾವು ಬಹುಪಾಲು ಬೆವರಿನ ಮೂಲಕವೇ ಹೊರಗೆ ಹೋಗಬೇಕು. ಅದಕ್ಕೇ ಏಪ್ರಿಲ್, ಮೇ ತಿಂಗಳಲ್ಲಿ ನಾನು ಕ್ಯಾಂಟರ್, ಅಂದರೆ ನೆಗೆನೆಗೆದು ಓಡೋದನ್ನು, ಪೂರ್ತಿ ಬಿಟ್ಟುಬಿಡ್ತೀನಿ. ಆದರೆ ಲಾಯದಲ್ಲಿ ಸುಮ್ನೆ ನಿಲ್ಲಿಸಲ್ಲ. ಶ್ವಾಸಕೋಶಕ್ಕೆ ರಜ, ತಲೆಗೆ ಕೆಲಸ.

ಬೆಳಗ್ಗೆ ಐದೂವರೆಗೆಲ್ಲ ತಡಿ (ಜೀನು) ಬಿಗಿದಾಗಿರುತ್ತೆ. ಕಾಲು ಗಂಟೆ ನಡಿಗೆ, ಮಧ್ಯೆ ಮಧ್ಯೆ ಬಿಟ್ಟು ಸ್ವಲ್ಪ ಟ್ರಾಟ್ (ಕುಕ್ಕುಲೋಟ), ಆಮೇಲೆ ಬೇವಿನ ಮರದ ಕೆಳಗೆ ಪಾಠ. ಹಿಂದಕ್ಕೆ ಹೆಜ್ಜೆ ಇಡೋದು, ಕಾಲಿನ ಒತ್ತಡಕ್ಕೆ ಪಕ್ಕಕ್ಕೆ ಸರಿಯೋದು, ನಾನು ಹತ್ತುವಾಗ ಅಲುಗಾಡದೆ ನಿಲ್ಲೋದು. ಈ ಕೊನೆಯದಕ್ಕೆ ಬೇಸಿಗೆಯಷ್ಟು ಒಳ್ಳೆ ಕಾಲ ಇನ್ನೊಂದಿಲ್ಲ. ಚಳಿಗಾಲದಲ್ಲಿ ಅವಳಿಗೆ, ನಾನು ರಿಕಾಪಿಗೆ (ತಡಿಯ ಪಕ್ಕ ತೂಗುವ, ಪಾದ ಇಡುವ ಬಳೆ) ಕಾಲಿಟ್ಟ ಕೂಡಲೇ ಹೊರಡುವ ಅವಸರ. ಬೇಸಿಗೆಯಲ್ಲಿ ಆ ಅವಸರ ತಾನಾಗೇ ಕಡಿಮೆ. ರಿಕಾಪಿಗೆ ಬೂಟಿನ ತುದಿ ತಾಗಿಸ್ತೀನಿ. ಕದಲಿದಳಾ, ಕಾಲು ಕೆಳಗಿಳಿಸಿ ಒಂದು ಹೆಜ್ಜೆ ಹಿಂದಕ್ಕೆ ತಳ್ಳಿ ಮತ್ತೆ ಮೊದಲಿಂದ. ಬೈಗುಳವೂ ಇಲ್ಲ, ಚಾಟಿಯೂ ಇಲ್ಲ. ಒಂದು ಹಂತದಲ್ಲಿ ಮೂಗಿನಿಂದ ಉಸಿರು ಬಿಟ್ಟು ತಲೆ ತಗ್ಗಿಸ್ತಾಳೆ. ಆಗ ಹತ್ತಿ, ಕೂತು, ತಕ್ಷಣ ಇಳಿದುಬಿಡ್ತೀನಿ. ಅವತ್ತಿನ ಪಾಠ ಮುಗೀತು.

ಸಂಜೆ ಸವಾರಿ ನನಗೆ ಒಗ್ಗಲ್ಲ. ಆರು ಗಂಟೆಗೆ ಗಾಳಿ ತಣ್ಣಗಾದ ಹಾಗೆ ಅನಿಸಿದರೂ ನೆಲಕ್ಕೆ ಅಂಗೈ ಇಟ್ಟು ನೋಡಿ, ಇನ್ನೂ ಬಿಸಿಯಾಗೇ ಇರುತ್ತೆ. ಮೇಲಾಗಿ ಎರೆಭೂಮಿ ಬೇಸಿಗೆಯಲ್ಲಿ ಕಲ್ಲಿನಷ್ಟು ಗಟ್ಟಿ, ಗೊರಸು ಸಿಕ್ಕಿಕೊಳ್ಳುವಷ್ಟು ಬಿರುಕು. ಸಂಜೆ ಹಗ್ಗ ಹಿಡಿದು ನಡೆಸಿದರೆ ಸಾಕು.

ಬರೀ ಉಷ್ಣಾಂಶ ನೋಡಿ ಮೋಸ ಹೋಗಬಾರದು. ಸವಾರರು ಬಳಸುವ ಒಂದು ಲೆಕ್ಕ ಇದೆ: ಫ್ಯಾರನ್‌ಹೀಟ್ ಉಷ್ಣಾಂಶಕ್ಕೆ ಗಾಳಿಯ ತೇವಾಂಶದ ಶೇಕಡಾವಾರು ಕೂಡಿಸಿ. 130ರ ಒಳಗಿದ್ದರೆ ಆರಾಮ. 150 ದಾಟಿದರೆ ಹುಷಾರು. 180 ದಾಟಿದರೆ ತಡಿ ಮುಟ್ಟಲೇಬೇಡಿ. ಬೆಳಗಿನ 27 ಡಿಗ್ರಿ ಅಂದರೆ ಸುಮಾರು 81 ಫ್ಯಾರನ್‌ಹೀಟ್. ಒಣಹವೆಯಲ್ಲಿ ತೇವಾಂಶ 40 ಇದ್ದರೆ ಮೊತ್ತ 121. ಅದೇ 27 ಡಿಗ್ರಿ, ಮುಂಗಾರಿಗೆ ಮುಂಚಿನ ಒಂದು ಮಳೆ ಬಿದ್ದು ತೇವಾಂಶ 85 ಆದರೆ 166. ಬೆವರು ಆರಲ್ಲ, ಮೈ ತಣಿಯಲ್ಲ. ಮಂಗಳೂರು ಕಡೆಯವರಿಗೆ ಇದನ್ನು ಹೇಳಬೇಕಾಗಿಲ್ಲ, ಅಲ್ವಾ?

ಬೆವರಿನ ಮೇಲೆ ಕಣ್ಣಿಡಿ. ಲಗಾಮು ಉಜ್ಜುವ ಕುತ್ತಿಗೆಯಲ್ಲಿ, ಹಿಂಗಾಲುಗಳ ಸಂದಿನಲ್ಲಿ ಬಿಳಿ ನೊರೆ ಬಂದರೆ ಗಾಬರಿ ಬೇಡ. ಕುದುರೆ ಬೆವರಿನಲ್ಲಿರುವ ಒಂದು ಪ್ರೋಟೀನ್ ನೊರೆ ಎಬ್ಬಿಸುತ್ತೆ. ಬೆವರಬೇಕಾದ ಹೊತ್ತಲ್ಲಿ ಮೈ ಒಣಗಿದ್ದು, ಮೂಗಿನ ಹೊಳ್ಳೆ ಅರಳಿಸಿ ಏದುಸಿರು ಬಿಡ್ತಿದ್ದರೆ ಮಾತ್ರ ಅದು ಅಪಾಯ.

ಇಳಿದ ಕೂಡಲೇ ತಡಿ ತೆಗೆದು ನೀರು. "ಬೆವೆತ ಕುದರಿಗಿ ತಣ್ಣೀರು ಹಾಕಬ್ಯಾಡ್ರಿ, ಸೆಟೆದುಕೊಳ್ತದ" ಅಂತ ಹಳಬರು ಇವತ್ತಿಗೂ ಅಡ್ಡ ಬರ್ತಾರೆ. 1996ರ ಅಟ್ಲಾಂಟಾ ಒಲಿಂಪಿಕ್ಸ್‌ಗೆ ಮುಂಚೆ, ಅಲ್ಲಿನ ಸೆಕೆಗೆ ಕುದುರೆಗಳು ತಡೀತಾವಾ ಅಂತ ವಿಜ್ಞಾನಿಗಳು ಚೆನ್ನಾಗಿ ಪರೀಕ್ಷೆ ಮಾಡಿದರು. ತಣ್ಣೀರು ಸುರಿದರೆ ಮೈ ಬೇಗ ತಣಿಯುತ್ತೆ, ಸ್ನಾಯು ಹಿಡಿಯಲ್ಲ ಅಂತ ತಿಳೀತು. ನಾನು ಪೈಪ್ ಹಿಡಿದು ಮೈಯೆಲ್ಲಾ ನಿಲ್ಲಿಸದೆ ಹಾಕ್ತೀನಿ. ತಾರಸಿ ಟ್ಯಾಂಕಿನ ಬಿಸಿನೀರಲ್ಲ, ನೇರ ಬೋರಿನ ನೀರು, ಅದೂ ಪೈಪಿನೊಳಗೆ ಕಾದು ನಿಂತಿದ್ದನ್ನು ಮೊದಲು ಹರಿಯಬಿಟ್ಟು. ಒದ್ದೆ ಗೋಣಿತಾಟು ಹೊದಿಸೋದು ಬೇಡ, ಅದು ಕಾವನ್ನು ಒಳಗೇ ಹಿಡಿದಿಡುತ್ತೆ. ಕುಡಿಯೋಕೂ ಆಗಲೇ ಬಿಡ್ತೀನಿ.

ಥರ್ಮಾಮೀಟರ್ ಒಂದು ಇಟ್ಟುಕೊಳ್ಳಿ, ದಾರ ಕಟ್ಟಿ (ಇಡೋದು ಗುದದೊಳಗೆ, ಜಾರಿ ಒಳಗೆ ಹೋಗದಿರಲಿ ಅಂತ ದಾರ). ಸುಮ್ನಿದ್ದಾಗ 37.5ರಿಂದ 38.5 ಡಿಗ್ರಿ ಸೆಲ್ಸಿಯಸ್ ಸಹಜ. ಹತ್ತು ನಿಮಿಷ ನೀರು ಹಾಕಿದ ಮೇಲೂ 40ರ ಕೆಳಗೆ ಇಳಿಯದಿದ್ದರೆ ನೀರು ನಿಲ್ಲಿಸದೆಯೇ ಪಶುವೈದ್ಯರಿಗೆ ಫೋನ್ ಮಾಡಬೇಕು.

ಮೇವಿನ ವಿಷಯ. ಕೆಲಸ ಕಡಿಮೆ ಆದ ಮೇಲೆ ಹುರುಳಿಯನ್ನೂ ಕಡಿಮೆ ಮಾಡ್ತೀನಿ. ಒಣಹುಲ್ಲು ಜಾಸ್ತಿ ಹಾಕೋದು ರಾತ್ರಿ, ಯಾಕಂದ್ರೆ ನಾರು ಕರುಳಲ್ಲಿ ಹುಳಿಯುವಾಗಲೂ ಕಾವು ಹುಟ್ಟುತ್ತೆ. ಕುದುರೆಮಸಾಲೆ ಸೊಪ್ಪು ಸಿಕ್ಕರೆ ಸ್ವಲ್ಪ. ಬೂಸಾ ಒದ್ದೆ ಮಾಡಿ ದಿನಕ್ಕೆ ಎರಡು ದೊಡ್ಡ ಚಮಚ ಉಪ್ಪು, ಚೆನ್ನಾಗಿ ಬೆವೆತ ದಿನ ಇನ್ನೊಂದು. ಉಪ್ಪು ಕೊಟ್ಟ ಮೇಲೆ ತೊಟ್ಟಿಯಲ್ಲಿ ನೀರು ಖಾಲಿ ಆಗಬಾರದು. ಜೋಳ ಕೊಯ್ದ ಹೊಲದಲ್ಲಿ ಚಿಗುರಿದ ಕೂಳೆಗೆ ಬಾಯಿ ಹಾಕೋಕೆ ಮಾತ್ರ ಬಿಡಬೇಡಿ. ಅದರ ವಿಷ ದನಗಳನ್ನು ಕೊಲ್ಲೋದು ಇಲ್ಲಿ ಎಲ್ಲರಿಗೂ ಗೊತ್ತು, ಕುದುರೆಗೂ ಅದು ಆಗಲ್ಲ.

ಜೂನ್‌ನಲ್ಲಿ ಮಳೆ ಹಿಡಿದ ಕೂಡಲೇ ಓಡಿಸೋಣ ಅಂತ ಆಸೆ ಆಗುತ್ತೆ. ನಾನು ಎರಡು ವಾರ ಟ್ರಾಟ್‌ನ ಹೊತ್ತನ್ನಷ್ಟೇ ಸ್ವಲ್ಪ ಸ್ವಲ್ಪ ಹೆಚ್ಚಿಸ್ತಾ ಹೋಗ್ತೀನಿ. ಹೊಸ ಸೆಕೆಗೆ ಮೈ ಒಗ್ಗೋಕೆ ಅಷ್ಟು ಬೇಕು. ಹೊಲದೊಳಗೆ ಆಗಲೂ ಇಳಿಸಲ್ಲ. ಒದ್ದೆ ಎರೆಮಣ್ಣು ಗೊರಸಿಗೆ ಮೆತ್ತಿಕೊಂಡರೆ ಲಾಳವೇ ಕಿತ್ತು ಬರುತ್ತೆ. ಕೆರೆ ಪಕ್ಕದ ಗರಸಿನ ದಾರಿಯಲ್ಲೇ ಹೋಗಿ ಬರ್ತೀವಿ.